ಮಜ್ಜಿಗೆ ಬರುವ ಮೊದಲೇ ಎಲೆ ಮಡಚಬಾರದು

ಭೋಂ... ಭದ್ರಾವತಿಯ ಕಾರ್ಖಾನೆಯ ಸೈರನ್ ಇನ್ನೂ ನನ್ನ ಕಿವಿಯಲ್ಲಿದೆ. ಪಾಳಿ ಮುಗಿಯಿತೆಂದು ಅದು ಕೂಗಿದ ಕೂಡಲೇ ಎಲ್ಲರೂ ಸೈಕಲ್ ಹತ್ತಿದರೂ ನನ್ನ ತಮ್ಮ ಮಾತ್ರ ಹೊರಡುತ್ತಿರಲಿಲ್ಲ. ಹಿಡಿದ ಕೆಲಸವನ್ನು ನಿಲ್ಲಿಸಲು ಬಾರದ ಏಕೈಕ ಪ್ರಾಣಿ ಅವನು!

ರಿಟೈರ್ ಆದ ಮೇಲೆ ಲ್ಯಾಪ್‌ಟಾಪ್ ತಂದು ಪ್ರೋಗ್ರಾಮಿಂಗ್ ಕಲಿತ. ಮನೆಯ ನೀರಿನ ಟ್ಯಾಂಕಿಗೇ ಒಂದು ಪ್ರೋಗ್ರಾಮ್ ಬರೆದ. ಅದರ ಒಂದು ಭಾಗ ಟ್ಯಾಂಕ್ ನೋಡಬೇಕು, ಇನ್ನೊಂದು ಮೋಟಾರ್ ನಡೆಸಬೇಕು, ಇಬ್ಬರ ನಡುವೆ ಸುದ್ದಿ ಸಾಗಲು ಒಂದು ಚಾನೆಲ್. ಹೌ ಸಿಂಪಲ್! ಆದರೆ ಪ್ರೋಗ್ರಾಮ್ ನಿಲ್ಲಿಸಲು ಹೋದರೆ ಮೋಟಾರಿನವನು ಸ್ವಿಚ್ಚನ್ನೂ ಆರಿಸದೆ ಎದ್ದು ಹೋಗುತ್ತಿದ್ದ. ಟ್ಯಾಂಕಿನವನು ‘ತುಂಬಿತು, ತುಂಬಿತು’ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಕೇಳುವವರೇ ಇಲ್ಲ! ಸ್ಕ್ರೀನ್ ತುಂಬ ಕೆಂಪು ಎರರ್. ಟ್ಯಾಂಕ್ ಉಕ್ಕಿ, ಪಕ್ಕದ ಮನೆಯವರು ಒಣಹಾಕಿದ ಹಪ್ಪಳಕ್ಕೆ ಅಭಿಷೇಕ.

ಹಾರ್ಟ್ ಆಪರೇಷನ್‌ಗೆ ಅಡ್ಮಿಟ್ ಆಗುವ ಮೊದಲು ಇದನ್ನು ಸರಿಮಾಡಲೇಬೇಕೆಂದು ಹಟ ಹಿಡಿದ. “ನಾನಿಲ್ದೇ ಇದ್ರೆ ಇವಳು ಈ ಕೆಂಪಕ್ಷರ ನೋಡ್ಕೊಂಡು ಏನ್ ಮಾಡ್ತಾಳೆ?”

“ಅತ್ತಿಗೆ, ಸ್ವಿಚ್ಚು ಗೋಡೇಲೇ ಇದೆ. ಕೈಯಲ್ಲಿ ಒತ್ತೋದಲ್ವಾ?” ಎಂದಳು ಅವನ ಹೆಂಡತಿ. ಹೇಳಿದರೆ ಕೇಳುವ ಕುಲವೇ ನಮ್ಮದು?

ವಿನೋಬನಗರದಲ್ಲೊಂದು ಮದುವೆ. ಪಂಕ್ತಿಯಲ್ಲಿ ನನ್ನ, ತಮ್ಮನ ಪಕ್ಕದವರು ಬೇಗನೆ ಎಲೆ ಮಡಚಿಬಿಟ್ಟರು. ಮಜ್ಜಿಗೆ ತಂದವನು ಸೌಟು ಹಿಡಿದು ಕಣ್ಣು ಕಣ್ಣು ಬಿಟ್ಟ.

“ಅಕ್ಕಾ, ಸಿಕ್ತು!” ಎಂದು ತಮ್ಮ ಕೂಗಿದ. “ಟ್ಯಾಂಕಿನೋನು ಬಡಿಸೋನು, ಮೋಟಾರಿನೋನು ಉಣ್ಣೋನು. ಬಡಿಸೋನು ‘ಇನ್ನೇನೂ ಇಲ್ಲ’ ಅಂದ್ಮೇಲೇ ಎಲೆ ಮಡಚ್ಬೇಕು. ಏಳೋ ಹೊತ್ತಲ್ಲಿ ಯಾರಾದ್ರೂ ಮೊದ್ಲೇ ಮಡಚಿದ್ರೆ ಅದು ಎರರ್ ಅಲ್ಲ ಮಾರಾಯ್ತಿ, ಬರೀ ಸುದ್ದಿ. ಬಡಿಸೋನು ಸುಮ್ನೆ ವಾಪಸ್ ಹೋಗ್ಬೇಕು.”

“ಊಟದ ಮಧ್ಯೆ ಮಡಚಿದ್ರೆ?”

“ಅದು ಎರರ್ರು! ಕೂಗಾಡ್ಲೇಬೇಕು.”

ಮಜ್ಜಿಗೆಯವನು ಕೈಮುಗಿದು “ಇನ್ನೇನೂ ಇಲ್ಲ ಸಾರ್, ಏಳಿ” ಎನ್ನುವವರೆಗೂ ಆಸಾಮಿ ಏಳಲಿಲ್ಲ. ನನಗೆ ನಾಚಿಕೆಯಿಂದ ಪ್ರಾಣ ಹೋದಂತಾಗಿತ್ತು.

ಅಡ್ಮಿಟ್ ಆಗುವ ಹಿಂದಿನ ದಿನ ಪ್ರೋಗ್ರಾಮ್ ಒಂದೂ ಕೆಂಪಕ್ಷರವಿಲ್ಲದೆ ನಿಂತಿತು. ಮೋಟಾರ್ ಆಫ್, ಹಪ್ಪಳ ಗರಿಗರಿ! ಅವನ ಎದೆಯಲ್ಲಿ ನಿಲ್ಲಬಾರದ್ದು ಆಪರೇಷನ್ ಟೇಬಲ್ಲಿನ ಮೇಲೆ ನಿಂತಿತು. ಊಟದ ಮಧ್ಯೆಯೇ. ಓ ಗಾಡ್, ಈಗ ನಾನು ಯಾರ ಹತ್ತಿರ ಕೂಗಾಡಲಿ?

ಆಪರೇಷನ್ನಿನ ಹಿಂದಿನ ಸಂಜೆ, ಶಿವಮೊಗ್ಗದ ಆಸ್ಪತ್ರೆಯಲ್ಲಿ, ವಿಸಿಟಿಂಗ್ ಅವರ್ಸ್ ಮುಗಿಯಿತೆಂದು ನರ್ಸ್ ನನ್ನನ್ನು ಅವನ ಪಕ್ಕದ ಕುರ್ಚಿಯಿಂದ ಎಬ್ಬಿಸುತ್ತಿದ್ದಳು.

“ನಿನ್ ಮಾತು ಮುಗೀತೇನಕ್ಕಾ?”

“ಇಲ್ಲ ಕಣೋ, ಇನ್ನೂ ಇದೆ. ನಾಳೆ ಹೇಳ್ತೀನಿ.”

“ಹಾಗಾದ್ರೆ ಎಲೆ ಮಡಚಲ್ಲ ಬಿಡು.”

ಬಾಗಿಲಿನ ಗಾಜಿನಾಚೆಯಿಂದ ತಿರುಗಿ ನೋಡಿದೆ. ಹೊದಿಕೆಯ ಮೇಲೆ ಎರಡೂ ಅಂಗೈ ಬಿಡಿಸಿಟ್ಟುಕೊಂಡು, ನನ್ನ ಕಡೆಗೇ ನೋಡುತ್ತ, ನಗುತ್ತಿದ್ದ.