ಎದೆ ಹಗುರ ಮಾಡುವ ಸಂಘ

ಎಲ್ಲಕ್ಕೂ ಕಾರಣ ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಒಂದು ಚೀಟಿ. ‘ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರೇ, ನೀವು ಒಂಟಿಯಲ್ಲ. ಭಾನುವಾರ ಮಧ್ಯಾಹ್ನ ಬನ್ನಿ, ಮನಸ್ಸು ಬಿಚ್ಚಿ ಮಾತಾಡಿ.’

ಕನ್ನಡಕದಂಗಡಿಯವನು ಅದನ್ನು ಮತ್ತೆ ಮತ್ತೆ ಓದಿದ. ಒಂಟಿಯಾಗಿರುವುದು ಅವನಿಗೆ ಕನಸಿನಲ್ಲೂ ಸಿಗದ ಸುಖ. ಸೊಂಟ ಮುರಿದುಕೊಂಡ ಮಾವ ವರ್ಷದಿಂದ ಅವನ ಮನೆಯಲ್ಲೇ ಇದ್ದರು. ನಿವೃತ್ತ ಟ್ರಾಫಿಕ್ ಪೊಲೀಸರಾದ ಅವರು ಹಾಸಿಗೆಯಿಂದಲೇ ಸೀಟಿ ಊದಿ ಮನೆಯ ಸಂಚಾರ ನಿಯಂತ್ರಿಸುತ್ತಿದ್ದರು. ಒಂದು ಸೀಟಿಗೆ ನೀರು, ಎರಡಕ್ಕೆ ಬಚ್ಚಲು, ಉದ್ದನೆಯದಕ್ಕೆ ‘ಎಲ್ಲಿ ಹಾಳಾಗಿ ಹೋದಿರಿ?’ ಹೆಂಡತಿ ನರ್ಸು. ಬೇರೆಯವರ ಅಪ್ಪಂದಿರನ್ನು ನೋಡಿಕೊಂಡರೆ ಸಂಬಳ ಸಿಗುವುದರಿಂದ ಅವಳು ಹೆಚ್ಚಾಗಿ ಆಸ್ಪತ್ರೆಯಲ್ಲೇ ಇರುತ್ತಿದ್ದಳು.

ಅವನಿಗೆ ಬೇಕಿದ್ದದ್ದು ಹೆಚ್ಚೇನಲ್ಲ. ಯಾರಾದರೂ ಎದುರು ಕೂತು, ನಡುವೆ ಬಾಯಿ ಹಾಕದೆ, ‘ನನಗೆ ಸಾಕಾಗಿದೆ’ ಎನ್ನುವುದನ್ನು ಕೇಳಿಸಿಕೊಂಡರೆ ಸಾಕಿತ್ತು. ಆದರೆ ಮನೆ ಬಿಟ್ಟು ಕದಲಲಾಗದವರಿಗಾಗಿಯೇ ಹುಟ್ಟಿದ ಈ ಸಂಘಕ್ಕೆ ಮನೆ ಬಿಟ್ಟೇ ಹೋಗಬೇಕಿತ್ತು.

ಭಾನುವಾರ ಮೊದಲು ಮಹಡಿ ಮನೆಯಾಕೆಯನ್ನು ಕೇಳಿದ. “ಅಕ್ಕಾ, ಸ್ವಲ್ಪ ಹೊತ್ತು ಮಾವನ ಹತ್ರ ಕೂತಿರ್ತೀರಾ?”

“ಹಿರಿಯರ ಸೇವೆ ಅಂದ್ರೆ ಪುಣ್ಯದ ಕೆಲಸ ಕಣಪ್ಪಾ. ನಿನ್ನ ಪುಣ್ಯಾನ ನಾನ್ಯಾಕೆ ಕಿತ್ಕೊಳ್ಳಲಿ?”

ಎದುರುಮನೆಯ ವಿಮೆ ಏಜೆಂಟ್ ಮಾತ್ರ ಕರೆದ ಕೂಡಲೇ ಬಂದ. ಬಂದವನು ಕುರ್ಚಿ ಎಳೆದುಕೊಂಡು, “ಸಾರ್, ನಾಳೆ ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ...” ಎಂದು ಶುರುಮಾಡಿದ. ಮಾವ ಉದ್ದನೆಯ ಸೀಟಿ ಊದಿ, ಕೈ ಚಾಚಿ ಬಾಗಿಲು ತೋರಿಸಿದರು. ಕೆಟ್ಟು ನಿಂತಿದ್ದ ಲಾರಿ ಅಂತೂ ಜಾಗ ಬಿಟ್ಟಿತು.

“ಎಲ್ಲಿಗೆ ಅಳಿಯಂದ್ರೇ, ಸವಾರಿ?”

“ಒಂದು ಸಭೆಗೆ, ಮಾವ.”

“ನಡೀರಿ, ನಾನೂ ಬರ್ತೀನಿ. ಇಲ್ಲಿ ಬಿದ್ದು ಬಿದ್ದು ತುಕ್ಕು ಹಿಡೀತಿದೀನಿ.”

ಏರುರಸ್ತೆಯಲ್ಲಿ ಗಾಲಿಕುರ್ಚಿ ತಳ್ಳುವುದೇನೂ ಕಷ್ಟವಲ್ಲ, ಅದರಲ್ಲಿ ಕೂತವರಿಗೆ. ಪ್ರತಿ ತಿರುವಿನಲ್ಲೂ ಮಾವ, “ನಿಲ್ಲಿ! ಎದುರಿಗೆ ಬರೋರನ್ನ ಮೊದಲು ಬಿಡಿ” ಎನ್ನುತ್ತಿದ್ದರು. ಅವನು ಅವರನ್ನು ಬಿಟ್ಟ, ಅವರ ಹಿಂದೆ ಬಂದವರನ್ನೂ ಬಿಟ್ಟ. ಸಭೆಯ ಬಾಗಿಲು ತಲುಪುವಾಗ ಅವನ ಅಂಗಿ ಆಗಷ್ಟೇ ಬಕೆಟ್ಟಿನಿಂದ ಎತ್ತಿದ ಬಟ್ಟೆಯಂತಿತ್ತು.

ಸಂಚಾಲಕಿ ಅವನನ್ನು ಕಂಡವಳೇ ಎದ್ದು ಬಂದಳು. “ಬನ್ನಿ ಅಣ್ಣಾ. ಎಷ್ಟು ಸೊರಗಿದೀರ! ಇವತ್ತು ಎಲ್ಲಾ ಹೇಳ್ಕೊಂಡ್ಬಿಡಿ.”

ವರ್ಷದಲ್ಲಿ ಮೊದಲ ಸಲ ಯಾರೋ ಅವನು ಸೊರಗಿದ್ದನ್ನು ಗಮನಿಸಿದ್ದರು. ಬಾಯಿ ತೆರೆದ.

“ಒಂದ್ನಿಮಿಷ,” ಎಂದಳು ಸಂಚಾಲಕಿ. “ನೋಡ್ಕೊಳ್ಳೋಕೆ ಯಾರೂ ಸಿಗಲ್ಲ ಅಂತ ಎಲ್ಲರೂ ಮನೆಯವರನ್ನ ಕರ್ಕೊಂಡೇ ಬರ್ತಾರೆ. ಅವರನ್ನ ಪಕ್ಕದ ಕೋಣೇಲಿ ಕೂರಿಸಿರ್ತೀವಿ. ಅಲ್ಲೊಬ್ರು ಇರ್ಬೇಕಲ್ವಾ? ಹೊಸಬರು ಇರೋದು ನಮ್ಮ ಪದ್ಧತಿ. ಇನ್ನೊಬ್ಬ ಹೊಸಬರು ಬರೋತನಕ ಅಷ್ಟೇ.”

“ಹೊಸಬರು ಬರ್ತಾನೇ ಇರ್ತಾರಾ?”

“ಓ! ಹೋದ ವರ್ಷ ತಾನೇ ಒಬ್ರು ಬಂದಿದ್ರು. ನಿಮ್ಮನ್ನ ನೋಡಿದ್ದೇ ತಡ, ಪಾಪ, ಆ ಕೋಣೆ ಬಿಟ್ಟು ಓಡಿಹೋಗಿ ಸಭೇಲಿ ಕೂತ್ರು ನೋಡಿ.”

ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ನೀರು, ಒಬ್ಬರಿಗೆ ಬಚ್ಚಲು, ಇನ್ನೊಬ್ಬರಿಗೆ ಕಿಟಕಿ ತೆರೆಯಬೇಕು, ಅವರ ಪಕ್ಕದವರಿಗೆ ಅದೇ ಕಿಟಕಿ ಮುಚ್ಚಬೇಕು. ಗೋಡೆಯಾಚೆ ಎದೆಗಳು ಒಂದೊಂದಾಗಿ ಹಗುರಾಗುವ ಸದ್ದು ಕೇಳುತ್ತಿತ್ತು. ಈಚೆಯೂ ಸಭೆ ಸೇರಿತು.

“ನಮ್ಮ ಅಳಿಯಂದ್ರು ನನ್ನ ಎತ್ತೋವಾಗ ನಿಟ್ಟುಸಿರು ಬಿಡ್ತಾರೆ,” ಎಂದರು ಮಾವ.

“ಬರೀ ನಿಟ್ಟುಸಿರಾ? ಪುಣ್ಯವಂತರು ನೀವು! ನನ್ನ ಸೊಸೆ ಮಾತ್ರೆ ಕೊಡೋವಾಗ ಹಲ್ಲು ಕಡೀತಾಳೆ,” ಎಂದರು ಒಬ್ಬ ಅಜ್ಜಿ.

ಮಾವ ಹೊಟ್ಟೆ ಹಿಡಿದು ನಕ್ಕರು. ಕೊಂಚ ಹೊತ್ತಿಗೆ ಅವಿರೋಧವಾಗಿ ಅಧ್ಯಕ್ಷರೂ ಆದರು.

“ವಾರಕ್ಕೊಂದು ಸಲ ಸಾಲದು,” ಎಂದು ಘೋಷಿಸಿದರು. “ಬುಧವಾರ ನಮ್ಮನೇಲೂ ಸೇರೋಣ. ಅಳಿಯಂದ್ರು ಎಲ್ಲಾ ನೋಡ್ಕೋತಾರೆ.”

ಆ ಹೊತ್ತಿಗೆ ಬಾಗಿಲು ತೆರೆಯಿತು. ಮಳೆ ನಿಂತ ಮೇಲಿನ ಎಲೆಗಳಂಥ ಮುಖ ಹೊತ್ತು ಸಂಘದವರು ಹೊರಬಂದರು. ಬುಧವಾರದ ಸುದ್ದಿ ಕೇಳಿ ಅವರ ಮುಖ ಇನ್ನಷ್ಟು ಅರಳಿತು. ಕನ್ನಡಕದಂಗಡಿಯವನು ಕೊನೆಗೂ ಬಾಯಿ ತೆರೆದ. ಅಷ್ಟರಲ್ಲಿ ಎಲ್ಲರೂ ಅವನನ್ನು ಸುತ್ತುವರಿದಿದ್ದರು.

“ಬೆಳಗ್ಗೆ ಎಷ್ಟೊತ್ತಿಗೆ ನಮ್ಮೋರನ್ನ ತಂದು ಬಿಡ್ಬೇಕು, ಅಣ್ಣಾ?”