ಚೆಂಬೂರಿನ ಕಾಕೂ ಮತ್ತು ಬಿ.ಪಿ. ಮಷೀನು

ಬಿ.ಪಿ. ಅಳೆಯಲು ಹೋದವರ ಬಿ.ಪಿ.ಯೇ ಏರುವುದು ನಮ್ಮ ಕೆಲಸದಲ್ಲಿ ವಾರಕ್ಕೊಮ್ಮೆಯಾದರೂ ಇದ್ದದ್ದೇ. ಊಟದ ಉಪ್ಪು ಇಳಿಸಿದರೆ ರಕ್ತದೊತ್ತಡ ಎಷ್ಟು ಇಳಿಯುತ್ತದೆ ಎಂಬ ಸಂಶೋಧನೆಗಾಗಿ ಮನೆ ಮನೆ ತಿರುಗಿ ಅಳತೆ ತರುವವಳು ನಾನು. ಮುಂಬಯಿಯ ಪಾರ್ಲೆಯಿಂದ ಎರಡು ಲೋಕಲ್ ರೈಲು ಬದಲಿಸಿ ಚೆಂಬೂರಿಗೆ ಹೋದರೆ, ಎಲ್ಲರೂ ಕಾಕೂ ಎಂದು ಕರೆಯುವ ವಿಜಾಪುರ ಕಡೆಯ ಒಬ್ಬ ಹಿರಿಯ ಹೆಂಗಸಿನ ಮನೆ. ಅವರ ಬಿ.ಪಿ. ಏರಿದೆಯೋ ಇಲ್ಲವೋ ಎನ್ನುವಂತಿತ್ತು. ಬದುಕಿರುವಷ್ಟು ದಿನ ಗುಳಿಗೆ ನುಂಗಬೇಕೇ ಎಂಬ ಚಿಂತೆ ಅವರಿಗೆ. ಅದು ತೀರ್ಮಾನವಾಗಬೇಕಾದದ್ದು ನನ್ನ ಅಳತೆಯಿಂದ.

೧. ಉಪ್ಪು

ಉಪ್ಪು ಇಳಿಸಲು ಹೇಳಿ ಬಂದು ಹದಿನೈದು ದಿನ ಬಿಟ್ಟು ಹೋದಾಗ, ಉಪ್ಪು ಅರ್ಧಕ್ಕೆ ಇಳಿಸಿದ್ದೇನೆ ಎಂದರು ಕಾಕೂ. ಸಂತೋಷದಿಂದ ಬರೆದುಕೊಂಡೆ. ಅಷ್ಟರಲ್ಲಿ ನನ್ನ ಮುಂದೆ ತಟ್ಟೆ ಬಂತು. ರೊಟ್ಟಿ, ಪಲ್ಯ, ಅದರ ಪಕ್ಕ ಮಾವಿನ ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ. ಇದೆಲ್ಲ ದಿನಾ ತಿನ್ನುತ್ತೀರಾ ಎಂದೆ. ಪಲ್ಯ ಸಪ್ಪಗಾಗಿದೆಯಲ್ಲ, ನಂಜಿಕೊಳ್ಳಲು ಏನಾದರೂ ಬೇಕಲ್ಲ ಎಂದರು. ಇದರಲ್ಲೂ ಉಪ್ಪಿದೆಯಲ್ಲ ಕಾಕೂ ಎಂದೆ.

"ಅದು ತವರಮನಿಯಿಂದ ಬಂದದ್ದವಾ. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ."

೨. ಐದು ನಿಮಿಷ

ಅಳೆಯುವ ಮೊದಲು ಐದು ನಿಮಿಷ ಮಾತಿಲ್ಲದೆ ಕೂರಬೇಕೆಂಬುದು ನಿಯಮ. ಮನೆಗೆ ಬಂದವರ ಮುಂದೆ ಬಾಯಿ ಮುಚ್ಚಿ ಕೂರುವುದು ಕಾಕೂಗೆ ಮಹಾ ಅಪಚಾರ. ಮೊದಲ ಸಲ ನನ್ನ ಅಮ್ಮನ ಮಂಡಿನೋವು ವಿಚಾರಿಸಿದರು, ಎರಡನೇ ಸಲ ಚಹಾ ಬೇಕೇ ಎಂದರು. ಎರಡು ಸಲವೂ ಐದು ನಿಮಿಷವನ್ನು ಮೊದಲಿಂದ ಎಣಿಸಿದೆ. ಮೂರನೇ ಸಲ ಹೇಗೋ ಸುಮ್ಮನಾದರು. ಮನೆ ನಿಶ್ಶಬ್ದವಾದದ್ದೇ ಒಳಗಿದ್ದ ಅವರ ಗಂಡ, ಕಾಕಾ, ಗಾಬರಿಯಿಂದ ಹೊರಗೆ ಬಂದರು. ನಿಯಮ ವಿವರಿಸಿದೆ. ಅವರು ಹೆಂಡತಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ದಿನಾ ಬರಲಿಕ್ಕೆ ಆಗೂದಿಲ್ಲೇನು ತಂಗಿ?"

೩. ಮಷೀನು

ಕೊನೆಯದು, ಒಂದು ದಿನ ಪೂರ್ತಿ ತೋಳಿಗೆ ಕಟ್ಟಿಕೊಂಡಿರಬೇಕಾದ ಮಷೀನು. ಅರ್ಧ ಗಂಟೆಗೊಮ್ಮೆ ಪಟ್ಟಿ ತಾನೇ ಉಬ್ಬಿ ಅಳೆದುಕೊಳ್ಳುತ್ತದೆ. ಏನೇ ಆದರೂ ಬಂದ್ ಮಾಡಬೇಡಿ ಎಂದು ಎರಡೆರಡು ಸಲ ಹೇಳಿ ಬಂದೆ.

ಮರುದಿನ ಮಷೀನು ತಂದು ನೋಡಿದರೆ ಅಂಕಿಗಳು ಬಹಳ ಮೇಲಿದ್ದವು. ಡಾಕ್ಟರು ಗುಳಿಗೆ ಬರೆದರು. ಆ ಚೀಟಿ ಹಿಡಿದು ಹೋಗುವಾಗ ನನಗೆ ನಿಜಕ್ಕೂ ಬೇಸರವಾಗಿತ್ತು. ಕಾಕೂ ಮುಖ ಸಣ್ಣದಾಯಿತು. ಯಾವ ಹೊತ್ತಿಗೆ ಏರಿತ್ತು ಎಂದು ಕೇಳಿದರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ, ಉಳಿದ ಹೊತ್ತು ಚೆನ್ನಾಗಿಯೇ ಇತ್ತು ಎಂದೆ.

"ಆವಾಗ ಅದು ನಮ್ಮನಿಯವರ ತೋಳಿಗಿತ್ತವಾ," ಎಂದರು ಕಾಕೂ.

ಅಂದು ಮನೆಯಲ್ಲಿ ಪೂಜೆಯಂತೆ. ಕಂಡವರೆಲ್ಲ ಕಟ್ಟಿಕೊಂಡ ಪಟ್ಟಿ ತೋಳಲ್ಲಿಟ್ಟುಕೊಂಡು ಮಡಿ ಅಡುಗೆ ಮಾಡುವಂತಿಲ್ಲ. ಬಂದ್ ಮಾಡುವಂತೆಯೂ ಇಲ್ಲ. ಸುಮ್ಮನೆ ಟಿ.ವಿ. ಮುಂದೆ ಕುಳಿತಿದ್ದ ಗಂಡನಿಗೆ ಕಟ್ಟಿ ನನ್ನ ಮಾತು ಉಳಿಸಿದ್ದರು.

ಕಾಕಾನ ಬಿ.ಪಿ. ಮೂರು ಸಲ ಅಳೆದೆ. ಮೂರು ಸಲವೂ ಜಾಸ್ತಿ. ಡಾಕ್ಟರು ಕರೆಸಿ ನೋಡಿ, ಗುಳಿಗೆ ಇವರಿಗೇ ಎಂದರು. ಕಾಕಾ ಒಪ್ಪಲಿಲ್ಲ. ತಮ್ಮ ಮನೆತನದಲ್ಲಿ ಯಾರಿಗೂ ಬಿ.ಪಿ. ಇಲ್ಲ ಎಂದು ವಾದಿಸಿದರು.

"ಮಷೀನು ಬಂದದ್ದು ಆಕಿ ಸಲುವಾಗಿ. ಕಾಗದದಾಗೂ ಆಕಿ ಹೆಸರ ಅದ. ಬಿ.ಪಿ. ಆಕೀದು."

ಕಾಕೂ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು.

"ಬಿ.ಪಿ. ನನ್ನ ಹೆಸರಿಗೇ ಇರ್ಲಿ. ಗುಳಿಗಿ ನೀವು ನುಂಗ್ರಿ."