ಕಲ್ಲಿಗೆ ಜಗ್ಗದ ಕನ್ನಡಕ

ನನಗೆ ಕೋಪ ಬಂದರೆ ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಮನೆಗೆ ಬಂದು ಪಾತ್ರೆ ತಿಕ್ಕುವಾಗ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತವೆ, ಕೇಳಲು ಪಾತ್ರೆ ಬಿಟ್ಟರೆ ಯಾರೂ ಇರುವುದಿಲ್ಲ. ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಸೇರಿ ಕಾರು ಓಡಿಸಲು ತಂಪು ಕನ್ನಡಕ ಆರಿಸುತ್ತಿದ್ದಿರಿ. ನಾನು ಇಣುಕಿದ್ದಕ್ಕೆ, "ಅಜ್ಜಿ, ಇದು ನಿಂಗೆ ಗೊತ್ತಾಗಲ್ಲ ಬಿಡು" ಅಂದಿರಿ. ಆಗಲೂ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ.

ನಮ್ಮ ಹೊಂಗನೂರಿನಲ್ಲಿ ಮನೆಮನೆಗೂ ರೇಷ್ಮೆ ಹುಳು ಬಂದಿದ್ದ ಕಾಲ ಅದು. ನಡುಮನೆ ಹುಳುವಿಗೆ, ಜಗಲಿ ನಮಗೆ. ನೆಂಟರು ಬಂದರೆ ಹಟ್ಟಿ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೆವು, ಹುಳುವಿಗೆ ಮಾತ್ರ ಹೊತ್ತುಹೊತ್ತಿಗೆ ಊಟ. ನಿಮ್ಮ ತಾತ ತೀರಿಕೊಂಡ ಮೇಲೆ ಅವರ ಮೊಪೆಡ್ಡನ್ನು ನಾನೇ ಕಲಿತು, ರೇಷ್ಮೆ ಗೂಡಿನ ಚೀಲ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಬೆಳಗಿನ ಬಿಸಿಲು ನೇರ ಕಣ್ಣಿಗೆ. ಮುಂದೆ ಜಲ್ಲಿ ಲಾರಿ. ಒಂದು ದಿನ ಲಾರಿಯಿಂದ ಸಿಡಿದ ಕಲ್ಲು ಕಣ್ಣಿನ ಕೆಳಗೇ ಬಡಿದು ಕೆನ್ನೆ ಊದಿಕೊಂಡಿತು. ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ಇದಕ್ಕೇ ಕಾದಿದ್ದವನಂತೆ ಎದ್ದು ಕೂತ. "ಕಣ್ ಹೋದ್ರೆ ಏನ್ ಮಾಡೀರಿ ಅತ್ಗೆ? ಇನ್ಮ್ಯಾಕೆ ಗೂಡು ನಾನ್ ತಗೊಂಡೋಯ್ತೀನಿ, ನೀವು ಸೊಪ್ಪು ಹಾಕೊಂಡು ಮನೇಲಿರಿ." ಮಾರ್ಕೆಟ್ಟು ಅವನ ಕೈಗೆ ಹೋದರೆ ಮನೆಯಲ್ಲಿ ನನ್ನ ಮಾತೂ ಅದರ ಹಿಂದೆಯೇ ಹೋಗುತ್ತದೆಂದು ನನಗೆ ಗೊತ್ತಿತ್ತು. ಮಾರನೇ ದಿನವೇ ಕನ್ನಡಕ ತರಲು ಚನ್ನಪಟ್ಟಣಕ್ಕೆ ಹೋದೆ.

ಅಂಗಡಿಯವನು ಕನ್ನಡಿ ಹಿಡಿದು ಒಂದೊಂದಾಗಿ ಹಾಕಿಸಿದ. ಇದು ಮುಖಕ್ಕೆ ಒಪ್ಪುತ್ತದೆ, ಅದು ಹೊಸ ಮಾದರಿ, ಅಂತ. ನನ್ನ ಮುಖ ಕಟ್ಟಿಕೊಂಡು ಅವನಿಗೇನು? ಧೈರ್ಯ ಮಾಡಿ, "ಕಲ್ಲು ಬಿದ್ರೆ ಒಡೆದೋಯ್ತದಾ?" ಅಂದೆ. "ಕನ್ನಡಕಕ್ಕೆ ಯಾಕಮ್ಮ ಕಲ್ಲು ಹೊಡೀತೀರಾ?" ಅಂದ. ಗಾಜು ಒಡೆದರೆ ಚೂರು ಕಣ್ಣಿಗೇ ಹೋಗುತ್ತದಲ್ಲ, ಅಷ್ಟೂ ತಿಳಿಯದವನಿಗೆ ಕನ್ನಡಕದ ಅಂಗಡಿ ಯಾಕೆ? ಹೀಗೆಂದು ಕೇಳಲಿಲ್ಲ. ಬೀಗದ ಕೈಯಿಂದ ಮೆಲ್ಲಗೆ ತಟ್ಟಿ ನೋಡುತ್ತ ಬಂದೆ, ಟಿಣ್ ಅಂದದ್ದೆಲ್ಲ ಗಾಜು. ಕೊನೆಗೆ ಅವನು ಬೇಸತ್ತು, ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜುವವರು ಹಾಕುವಂಥ ದಪ್ಪ ಪ್ಲಾಸ್ಟಿಕ್ಕಿನ ಕಂದು ಕನ್ನಡಕವೊಂದನ್ನು ಕೆಳಗಿನ ಡಬ್ಬಿಯಿಂದ ತೆಗೆದ. ಅಕ್ಕಪಕ್ಕದಲ್ಲೂ ಮರೆ ಇತ್ತು. ಬೀಳಿಸಿ ನೋಡಲೇ ಎಂದು ಕೇಳಲು ಸಂಕೋಚ, ಆದ್ದರಿಂದ ಕೈ ಜಾರಿಸಿದೆ. ಕಲ್ಲು ಚಪ್ಪಡಿಯ ಮೇಲೆ ಬಿದ್ದರೂ ಏನೂ ಆಗಲಿಲ್ಲ. ಅದನ್ನೇ ಕೊಂಡೆ.

ಊರಿಗೆ ಬಂದರೆ, "ಯಾವ್ ಕಣ್ಣಿಗವ್ವ ಆಪ್ರೇಸನ್ನು?" ಎಂದು ಮುದುಕರು ಕೇಳಿದರು. ಗಂಡ ಇಲ್ಲದವಳಿಗೆ ಈ ಸೋಕಿ ಯಾಕೆ ಎಂದು ನಲ್ಲಿಯ ಹತ್ತಿರ ಆಡಿಕೊಂಡದ್ದೂ ಕಿವಿಗೆ ಬಿತ್ತು. ಜಲ್ಲಿ ಕಲ್ಲು ಗಂಡ ಇದ್ದಾನೋ ಇಲ್ಲವೋ ಎಂದು ವಿಚಾರಿಸಿಕೊಂಡು ಸಿಡಿಯುತ್ತದೆಯೇ? ಆ ರಾತ್ರಿ ಪಾತ್ರೆಗಳು ಫಳಫಳ ಹೊಳೆದವು.

ಮುಂದೊಂದು ದಿನ ಲಾರಿಯ ಕಲ್ಲು ಮತ್ತೆ ಸಿಡಿಯಿತು. ಈ ಸಲ ಸರಿಯಾಗಿ ಕಣ್ಣಿಗೇ. ಕನ್ನಡಕದ ಮೇಲೆ ಒಂದು ಗೀರು ಬಿದ್ದದ್ದು ಬಿಟ್ಟರೆ ನನಗೆ ಏನೂ ಆಗಲಿಲ್ಲ. ಆ ಗೀರು ಇಡೀ ಊರಿಗೆ ಕಾಣಲಿ ಎಂದು ಕನ್ನಡಕ ತೆಗೆಯದೆಯೇ ಮನೆಯೊಳಗೂ ಓಡಾಡಿದೆ. ಹಾಗೆಯೇ ಮುಂದಿನ ಬೆಳೆಯ ಹುಳುವಿನ ತಟ್ಟೆಯೊಳಗೆ ಇಣುಕಿದರೆ, ಹುಳುಗಳೆಲ್ಲ ಹಳದಿಗೆ ತಿರುಗಿವೆ, ಹಣ್ಣಾಗಿವೆ! ಹಣ್ಣಾದ ಹುಳುವನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಂಥ ಹೊತ್ತಿನಲ್ಲಿ ಬೀದಿಯೆಲ್ಲ ನೆರವಿಗೆ ಬರುವುದು ರೂಢಿ. ಹೇಳಿ ಕಳಿಸಿದೆ, ಬಂದರು. ಮೈದುನ ಬಗ್ಗಿ ನೋಡಿ, "ಇನ್ನೂ ಹಸೀ ಅವಲ್ಲ ಅತ್ಗೆ" ಅಂದ. ನನ್ನ ಜನ್ಮದಲ್ಲಿ ಮೊದಲ ಸಲ ನಾಲಿಗೆ ಎದ್ದಿತು. "ಮಾರ್ಕೆಟ್ ಕಂಡೋಳು ನಾನು. ಈ ಊರ್ನೋರ್ಗೆ ಕಣ್ಣೇ ಇಲ್ವಾ?"

ಎಲ್ಲರೂ ತಟ್ಟೆಯತ್ತ ಬಗ್ಗಿದರು. ಹುಳು ಸೊಪ್ಪು ಮೇಯುವ ಚರಚರ ಸದ್ದು ಚೆನ್ನಾಗಿ ಕೇಳಿಸಿತು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ನಮ್ಮತ್ತೆ, ಮೈದುನನ ತಾಯಿ, ಹತ್ತಿರ ಬಂದು ನನ್ನ ಕನ್ನಡಕ ತೆಗೆದರು. ಹುಳುಗಳು ಹಾಲಿನಂತೆ ಬೆಳ್ಳಗಿದ್ದವು. ಅತ್ತೆ ಅದನ್ನು ತಾವು ಹಾಕಿಕೊಂಡು ಮೊದಲು ತಟ್ಟೆ ನೋಡಿದರು, ಆಮೇಲೆ ಮಗನನ್ನು ನೋಡಿದರು. "ಇದ್ರಾಗ್ ನೋಡುದ್ರೆ ಇವ್ನೂ ಹಣ್ಣಾಗವ್ನೆ ಕಣವ್ವ. ಚಂದ್ರಿಕೆಗೆ ಹಾಕ್ಬುಡಾನ" ಅಂದರು. ಬಂದವರೆಲ್ಲ ನಗುತ್ತ ಕಾಫಿ ಕುಡಿದು ಹೋದರು. ಮೈದುನನೂ ನಕ್ಕ. ಆದರೆ ಕನ್ನಡಕದ ಗೀರನ್ನು ಬೆರಳಿಂದ ಸವರಿ ನೋಡಿದವನು, ಮತ್ತೆಂದೂ ಮಾರ್ಕೆಟ್ಟಿನ ಮಾತೆತ್ತಲಿಲ್ಲ.

ಆದ್ದರಿಂದ ಮಕ್ಕಳೇ, ಚೆಂದ ನೋಡಬೇಡಿ, ಕೈ ಜಾರಿಸಿ ನೋಡಿ. ಕಂದು ಬಣ್ಣದಲ್ಲಿ ಲೋಕವೆಲ್ಲ ಹಳದಿಯಾಗುತ್ತದೆಂದು ಆ ಅಂಗಡಿಯವನು ಮೊದಲೇ ಹೇಳಬೇಕಿತ್ತು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಾನು ಹುಳು ಸಾಕುವವಳು ಎಂದು ಅವನಿಗೆ ಹೇಳಿರಲಿಲ್ಲ, ನಿಜ. ಅವನು ಕೇಳಲಿಲ್ಲ, ನನಗೆ ಸಂಕೋಚ.